ಸೊಂಟವನ್ನು ಕೇಳಿ

ಕೈಯನ್ನು ಕೇಳಬೇಡಿ, ನೋದಾರ್, ಅದಿನ್ನೂ ಮುನಿದಿದೆ.
ಸೊಂಟವನ್ನು ಕೇಳಿ.
ನನ್ನ ಅಂಗೈ ನಿಮ್ಮ ಬಲಪಕ್ಕೆಯ ಮೇಲಿದೆ, ತಳ್ಳುವುದಿಲ್ಲ,
ಕಾಯುತ್ತದೆ ಅಷ್ಟೆ.

ಟಿಬಿಲಿಸಿಯ ಈ ಮೂರನೇ ಮಹಡಿಯಲ್ಲಿ
ಒಲೆಯಿಲ್ಲ, ಹಿಟ್ಟಿಲ್ಲ; ಒಂದು ಸ್ಟೂಲು, ಮಡಚಿದ ಟವೆಲು.
ನಲವತ್ತೊಂದು ವರ್ಷ ಬಾವಿಯಂಥ ಒಲೆಯೊಳಕ್ಕೆ ಬಗ್ಗಿ
ಗೋಡೆಗೆ ರೊಟ್ಟಿ ಬಡಿದವರು
ಟವೆಲಿನತ್ತ ಬಗ್ಗಲು ಹೆದರುತ್ತಾರೆ.

"ಬಿದ್ದರೆ?"
ಬೀಳಿ, ನಾನಿದ್ದೇನೆ, ಅಂದೆ. ನಾನೂ ಹೆದರಿಯೇ.

ಭಾರ ಎಡದಿಂದ ಹೊರಟಿತು,
ನಡುವೆ ನಿಂತಿತು, ಗೊತ್ತಿಲ್ಲದ ಊರಲ್ಲಿ ಬಸ್ಸಿಳಿದವರ ಹಾಗೆ,
ಆಮೇಲೆ ಬಲಕ್ಕೆ ಬಂತು.
ಹಿಮ್ಮಡಿ ನೆಲಕ್ಕೊತ್ತಿತು.

ಕೈ? ಇಲ್ಲ, ಅದು ಏಳಲಿಲ್ಲ.
ಆದರೆ ನೋದಾರ್ ಮುಖ ಓರೆ ಮಾಡಿದರು
ಕೆಂಡದ ಝಳ ತಪ್ಪಿಸುವಂತೆ,
ಉಸಿರು ಬಿಗಿಹಿಡಿದು.