ನಡುವಿನ ಮೌನ

ಅಚಾವೊ ದ್ವೀಪಪೇಟೆ, ಅಗ್ನಿಶಾಮಕ ದಳದ ಷೆಡ್ಡು, ಮಂಗಳವಾರ ಸಂಜೆ.
ಕೆಂಪು ಲಾರಿಯ ಹಿಂದೆ ಐದು ಕುರ್ಚಿ, ಒಂದು ಕಟ್ಟಿಗೆ ಒಲೆ,
ಕಪ್ಪುಹಲಗೆಯ ಮುಂದೆ ಎದುವಿನಾ ಬರ್ರೀಯಾ.
ಮೂವತ್ತು ವರ್ಷ ಬಂದರಿನ ನಿಸ್ತಂತು ಕೋಣೆಯಲ್ಲಿ ಕೂತು
ಎಡಗಿವಿ ಸವೆಸಿಕೊಂಡವಳು.
ಪ್ರಶ್ನೆ ಇದ್ದವರು ಬಲಗಡೆ ಕೂರಬೇಕು.

ನಾನು ದೋಣಿ ಎಂಜಿನ್ನು ಬಿಚ್ಚುವವ. ವಯಸ್ಸು ಐವತ್ತೆರಡು.
ಪಕ್ಕದಲ್ಲಿ ಹನ್ನೊಂದರ ಮಿಯಾರಾಯ್;
ನನಗಿಂತ ಮೊದಲೇ ಉತ್ತರ ಬರೆದು
ಹಾಳೆಯನ್ನು ಧಾರಾಳವಾಗಿ ಇತ್ತ ಸರಿಸುತ್ತಾಳೆ.

"ವೋಲ್ಟು ಅಂದರೆ ಎತ್ತರ. ಆಂಪಿಯರ್ ಅಂದರೆ ಹರಿವು.
ಓಮ್ ಅಂದರೆ ದಾರಿಯ ಹಟ."
ಆಲೂಗಡ್ಡೆಗೆ ತಾಮ್ರದ ತಂತಿ, ಸತುವಿನ ಮೊಳೆ ಚುಚ್ಚಿದಳು.
ಮೀಟರಿನ ಮುಳ್ಳು ಮುಕ್ಕಾಲಕ್ಕೆ ಬಂದು ನಿಂತಿತು.
ಬಲ್ಬು ಸಿಕ್ಕಿಸಿದೆವು, ಅದು ಕಣ್ಣು ಬಿಡಲಿಲ್ಲ.
"ಎತ್ತರ ಇದೆ, ಹೊಳೆ ಇಲ್ಲ," ಎಂದಳು.
"ಆ ಗಡ್ಡೆಯನ್ನು ಇನ್ನು ಹಂದಿಗೂ ಹಾಕಬೇಡಿ."

ಮೂರನೇ ವಾರ ನಾನು ಹೊಗೆ ಎಬ್ಬಿಸಿದೆ.
ಬೇಕಿದ್ದದ್ದು ಸಾವಿರ ಓಮ್: ಕಂದು, ಕಪ್ಪು, ಕೆಂಪು.
ಕನ್ನಡಕ ಮರೆತು ಬೆಸೆದದ್ದು: ಕಂದು, ಕಪ್ಪು, ಕಪ್ಪು.
ಹನ್ನೆರಡು ವೋಲ್ಟು, ಬರೀ ಹತ್ತು ಓಮ್.
ಅಕ್ಕಿಕಾಳಿನಷ್ಟು ಮೈಯವನ ಬೆನ್ನಿಗೆ
ಹದಿನಾಲ್ಕು ವಾಟ್ ಹೊರಿಸಿದ್ದೆ, ಪಾಪ.
ಬೆಂಕಿ ಆರಿಸುವವರ ಮನೆಯಲ್ಲೇ ಹೊಗೆ!
ಡ್ರೈವರ್ ಬಾಲ್ಡೊಮೇರೊ ಇಣುಕಿ, ನಕ್ಕು ಹೋದ.
ಎದುವಿನಾ ಬೈಯಲಿಲ್ಲ:
"ಎಲ್ಲರೂ ಮೂಸಿ ನೋಡಿ. ಸೂತ್ರ ಮರೆತೀತು,
ಈ ವಾಸನೆ ಮರೆಯದು."

ಪರ್ಯಾಯ ವಿದ್ಯುತ್ತು ಮಾತ್ರ ತಲೆಗೆ ಹತ್ತಲಿಲ್ಲ.
ಹೋದಷ್ಟೇ ವಾಪಸು ಬರುವುದಾದರೆ
ಕೆಲಸ ಯಾವಾಗ ಮಾಡುತ್ತದೆ?
ಅವಳು ನನ್ನನ್ನು ಬಾಗಿಲಿಗೆ ಕರೆದೊಯ್ದಳು.
ಮಧ್ಯಾಹ್ನ ಕೆಸರಿನಲ್ಲಿ ಪಕ್ಕೆಯೂರಿ ಮಲಗಿದ್ದ ದೋಣಿಗಳು
ಈಗ ಆಳೆತ್ತರ ಎದ್ದು ತೇಲುತ್ತಿದ್ದವು.
"ಈ ನೀರು ಎಲ್ಲಿಗೂ ಹೋಗಿಲ್ಲ, ಬಂದು ಹೋಗುತ್ತದೆ, ಅಷ್ಟೆ.
ನಿನ್ನ ದೋಣಿ ಎತ್ತಿದ್ದು ಯಾರು ಮತ್ತೆ?"

ಮುನ್ನೂರನ್ನು ಏಳು ಪಾಯಿಂಟ್ ಒಂದರಿಂದ ಭಾಗಿಸು,
ಅರ್ಧ ಮಾಡು, ನೂರಕ್ಕೆ ಐದು ಕಳೆ:
ಇಪ್ಪತ್ತು ಮೀಟರು ತಂತಿ, ನಡುವೆ ತುಂಡರಿಸಿ,
ಪೈಪು ಒಣಗಿಸುವ ಗೋಪುರದಿಂದ ಅರಯಾನ್ ಮರಕ್ಕೆ.
ಕಟ್ಟಿದ್ದು ನಾನು; ಅಳೆದದ್ದು ಮಿಯಾರಾಯ್,
ಎರಡೆರಡು ಸಲ.

ಪರೀಕ್ಷೆಯಲ್ಲಿ ಅವಳಿಗೆ ಮೂವತ್ತೆಂಟು, ನನಗೆ ಮೂವತ್ತೊಂದು.
ಇಬ್ಬರೂ ಪಾಸು.

ಮೊದಲ ಮಧ್ಯಾಹ್ನವೇ ಸಿಕ್ಕಿದ ತಮ್ಮ ಎರಾಲ್ದೊ,
ಮೆಲಿಂಕಾದಲ್ಲಿ ಕಡಲಮುಳ್ಳಿಗೆ ಮುಳುಗುವವ.
ನಿನ್ನ ಕೈಲಾಗದು ಎಂದು ಪಂದ್ಯ ಕಟ್ಟಿದ್ದವ.
ಅಲೆ ನೆತ್ತಿಗೇರಿ ನೆತ್ತಿಯಿಂದಲೇ ಇಳಿದಿತ್ತು.
ರಾತ್ರಿಗೆ ಅವನಿಲ್ಲ.
ನೂರ ಅರವತ್ತು ಕಿಲೋಮೀಟರು, ಬರೀ ಸರಬರ.
"ಕತ್ತಲಾದರೆ ಮೇಲಿನ ಪದರ ತೆಳ್ಳಗಾಗುತ್ತದೆ,
ನೆಟ್ಟಗೆ ಹೋದದ್ದನ್ನು ಹಿಡಿಯಲಾರದು,
ಓರೆಯಾಗಿ ಹೋದದ್ದನ್ನೇ ದೂರಕ್ಕೆಸೆಯುತ್ತದೆ.
ನೆರೆಯವನು ನೆರಳಿನಲ್ಲಿ ಉಳಿಯುತ್ತಾನೆ," ಎಂದಳು ಎದುವಿನಾ,
ತನ್ನ ಬಲಗಿವಿಯನ್ನು ಸ್ಪೀಕರಿಗೆ ಒಡ್ಡಿ.

ಹನ್ನೊಂದೂವರೆಗೆ ಒಬ್ಬ ಹೆಂಗಸು, ಮೊರಾಗ್,
ನ್ಯೂಜಿಲೆಂಡಿನ ಬ್ಲಫ್ ಎಂಬ ಊರು.
ಅಲ್ಲಿ ಆಗಲೇ ಮರುದಿನದ ಇಳಿಹೊತ್ತು,
ಕುರಿ ಹಿಂಡಿಗೆ ಇಂಜೆಕ್ಷನ್ ಹಾಕಿ ಬಂದು ಕೂತಿದ್ದಳು.
ಮುರುಕು ಸ್ಪ್ಯಾನಿಷ್‌ನಲ್ಲಿ ಹೇಳಿದಳು:
"ನಿಮ್ಮನ್ನು ಇನ್ನೊಬ್ಬರು ಕರೆಯುತ್ತಿದ್ದಾರೆ, ಜೋರಾಗಿ.
ನಿಮಗೆ ಕೇಳಿಸುತ್ತಿಲ್ಲವೇ?"

ಕೇಳಿಸಲಿಲ್ಲ.
ಅವಳಿಗೆ ನಾವಿಬ್ಬರೂ ಕೇಳಿಸುತ್ತಿದ್ದೆವು.

ಡೀಸೆಲ್ ಪಂಪಿನಲ್ಲಿ ಗಾಳಿ ಸೇರಿದೆಯಂತೆ,
ಬೆಳಗಿನ ಭರತಕ್ಕೆ ಹೊರಡಬೇಕಂತೆ.
ಎರಡನೇ ನಟ್ಟು ಸಡಿಲಿಸು ಎಂದೆ.
ಸಡಿಲಿಸು ಎಂದಳು ಮೊರಾಗ್.
ನೊರೆ ನಿಲ್ಲುವವರೆಗೂ ಒತ್ತು ಎಂದೆ.
ಒತ್ತು ಎಂದಳು.
ಎಂಟು ಸಾವಿರ ಹೋಗಿ, ಎಂಟು ಸಾವಿರ ಬಂದು,
ಪ್ರತಿಯೊಂದು ಮಾತು ಮಹಾಸಾಗರವನ್ನು ಎರಡು ಸಲ ದಾಟಿ
ಮುಂದಿನ ಕೊಲ್ಲಿಗೆ ತಲುಪುತ್ತಿತ್ತು.

ನಂತರ ಬಹಳ ಹೊತ್ತು ಸರಬರ.
ಆಮೇಲೆ ಬ್ಲಫ್‌ನಿಂದ:
"ಒಂದು ಸದ್ದು ಕೇಳಿಸುತ್ತಿದೆ, ಅವರ ಮೈಕಿನ ಹಿಂದೆ,
ಗುಡುಗುಡು ಅಂತ. ಅದೇನಾ?"