ಸಮ ತಾರೀಖು, ಬೆಸ ತಾರೀಖು

ಆರಡಿ ಅಂತ ಬಂತು ಆದೇಶ.
ಅಳೆಯಲು ಟೇಪಿರಲಿಲ್ಲ
ದುರ್ಗಿಗುಡಿಯ ನಮ್ಮ ನೀರಿನ ಬಿಲ್ಲಿನ ಆಫೀಸಿನಲ್ಲಿ.
ಅಟೆಂಡರ್ ಸಿದ್ದಮ್ಮ ಮನೆಯಿಂದ ತಂದಳು
ರವಿಕೆ ಹೊಲಿಯುವ ಹಳದಿ ಟೇಪು.
ಐದಡಿಗೇ ಮುಗಿಯುತ್ತದೆ ಅದು.
ಉಳಿದ ಒಂದಡಿಗೆ ಚಪ್ಪಲಿ ಬಿಟ್ಟು
ತನ್ನ ಪಾದವನ್ನೇ ಇಟ್ಟಳು.

ಒಂಬತ್ತು ಮೇಜಿನ ಕೋಣೆ,
ಸಿದ್ದಮ್ಮನ ಪಾದದ ಲೆಕ್ಕಕ್ಕೆ ಹಿಡಿಸಿದ್ದು ಐದು.
ನಾಲ್ಕನ್ನು ಹೊತ್ತು ಸೈಕಲ್ ಸ್ಟ್ಯಾಂಡಿನಲ್ಲಿ
ಕಾಲು ಮೇಲೆ ಮಾಡಿ ಕವುಚಿದರು.
ಅದರಲ್ಲೊಂದು ನನ್ನದು.

‘ನೀವು, ಹಾಲೇಶಪ್ಪ, ಇಬ್ಬರಿಗೂ ಒಂದೇ ಮೇಜು,’
ಅಂದರು ಸಾಹೇಬರು. ‘ಅವರು ಸಮ, ನೀವು ಬೆಸ.’
ಎಲ್ಲರ ನಗುವೂ ಮಾಸ್ಕಿನೊಳಗೇ ಉಳಿಯಿತು.

ಹನ್ನೊಂದು ವರ್ಷ ಎದುರುಬದುರು ಕೂತು
ನಾವು ಆಡಿದ್ದೆಲ್ಲ ಫ್ಯಾನಿನ ಜಗಳ.
ನಾನು ಹಾಕುವುದು, ಅವರು ಆರಿಸುವುದು.
ಏಪ್ರಿಲ್‌ನಲ್ಲೂ ಮಫ್ಲರ್ ಸುತ್ತುವ ಮನುಷ್ಯ.

ಒಂದನೇ ತಾರೀಖು ಖಾನೆ ಎಳೆದರೆ
ನಶ್ಯದ ಡಬ್ಬಿ, ರಬ್ಬರ್ ಬ್ಯಾಂಡಿನ ಉಂಡೆ,
ಕನ್ನಡಕದ ಮುರಿದ ಕಡ್ಡಿ.
ಎಲ್ಲ ಎಡಕ್ಕೆ ತಳ್ಳಿ ನಡುವೆ ಸ್ಕೇಲು ಇಟ್ಟೆ:
ಗಡಿ.

ಮೂರರಂದು ಸ್ಕೇಲು ಇದ್ದಲ್ಲೇ ಇತ್ತು.
ಐದರಂದು ಹಳೇ ರಸೀದಿಯ ಬೆನ್ನಿಗೆ ಗುಂಡು ಅಕ್ಷರ:
‘ಗಾಡಿಕೊಪ್ಪದ ಮೀಟರ್ ಪುಸ್ತಕ ಕೆಳಗಿದೆ.
ಕುರ್ಚಿಯ ಬಲಗಾಲು ಕುಂಟುತ್ತೆ, ಜೋಪಾನ.’
‘ಆಯಿತು’ ಅಂತ ಬರೆದಿಟ್ಟೆ.
ಆ ಒಂದು ಮಾತಿಗೆ ಅರ್ಧ ಗಂಟೆ ಹಿಡಿಯಿತು.

ಕೌಂಟರಿಗೆ ಪ್ಲಾಸ್ಟಿಕ್ ಪರದೆ ಬಂತು.
ಅದರ ಕಂಡಿ ಎಷ್ಟು ಕೆಳಗೆಂದರೆ
ನಲ್ಲಿ ಒಣಗಿದ ಸಿಟ್ಟಿಗೆ ಬಂದವರೂ
ನಡು ಬಗ್ಗಿಸಿಯೇ ಬೈಯಬೇಕು.
ಇದನ್ನೂ ಬರೆದೆ. ಮರುಚೀಟಿಯಲ್ಲಿ
‘ಹ ಹ’ ಎಂದಿತ್ತು, ಕೆಳಗೆ ರುಜು, ತಾರೀಖು.

ಆಮೇಲೆ ಒಂದು ದಿನ:
‘ಎಡಗಿವಿಯೊಳಗೆ ಹಳೇ ನೋವು.
ಗಾಳಿ ತಾಗಿದರೆ ಕೊರೆಯುತ್ತೆ. ಹೇಳಿರಲಿಲ್ಲ.’
ಹನ್ನೊಂದು ವರ್ಷ.
ರೆಗ್ಯುಲೇಟರ್ ಐದರಿಂದ ಎರಡಕ್ಕೆ ತಿರುಗಿಸಿದೆ,
ಆ ಕೋಣೆಯಲ್ಲಿ ಆಗ ಅವರಿಲ್ಲ ಎಂಬುದು
ಮನೆಗೆ ಹೋಗುವಾಗ ನೆನಪಾಯಿತು.

ಮೂವತ್ತೊಂದರ ತಿಂಗಳು ಬಂದರೆ ಕಷ್ಟ.
ಮೂವತ್ತೊಂದು, ಮಾರನೆಗೇ ಒಂದು,
ಎರಡು ಬೆಸ ಬೆನ್ನಿಗೆ ಬೆನ್ನು ಹತ್ತಿ.
ಖಾನೆ ಎಳೆದರೆ ನನ್ನ ಚೀಟಿಯೇ
ನನ್ನನ್ನು ನೋಡುತ್ತಿತ್ತು.

ಸೋಮವಾರದಿಂದ ಎಲ್ಲರೂ ಹಾಜರು ಅಂದರು.
ಪರದೆ ಕಳಚಿತು, ಮೇಜುಗಳು ಒಳಬಂದವು.
ನನ್ನದಕ್ಕೆ ಮಾತ್ರ ಗೆದ್ದಲು ಹಿಡಿದಿತ್ತು.
ಬದಲಿಗೆ ಕಬ್ಬಿಣದ್ದು ಕೊಟ್ಟರು, ಹೊಚ್ಚ ಹೊಸದು.

ಎದುರಿಗೆ ಹಾಲೇಶಪ್ಪ. ಮಾಸ್ಕಿಲ್ಲದ ಮುಖ,
ಮೀಸೆ ಬೆಳ್ಳಗಾಗಿದೆ, ಅದನ್ನು ಬರೆದಿರಲೇ ಇಲ್ಲ.
ಅವರು ಕೆಮ್ಮಿದರು. ನಾನು ಪೆನ್ನು ಹುಡುಕಿದೆ.
ಮಧ್ಯಾಹ್ನದವರೆಗೂ ಒಂದು ಮಾತಿಲ್ಲ.
ಫ್ಯಾನು ಎರಡರಲ್ಲೇ ತಿರುಗುತ್ತಿತ್ತು,
ಯಾರು ಹಾಕಿದ್ದೋ.

ನನ್ನ ಹೊಸ ಮೇಜಿಗೆ ಖಾನೆಯೇ ಇಲ್ಲ.

ಅರ್ಜಿ ಬರೆದಿದ್ದೇನೆ:
ಮಾನ್ಯರೇ, ಖಾನೆ ಇರುವ ಮೇಜು ದಯಪಾಲಿಸಬೇಕು.
‘ಕಾರಣ’ ಎಂಬಲ್ಲಿ ಖಾಲಿ ಬಿಟ್ಟಿದ್ದೇನೆ.
ಷರಾ ಬರೆದು ಮುಂದಕ್ಕೆ ಕಳಿಸಬೇಕಾದವರು
ಹಾಲೇಶಪ್ಪ.