ಪುಟ ಮೂವತ್ತೊಂದು

ಡನೀಡಿನ್‌ನಲ್ಲಿ ಜೂನ್. ಐದಕ್ಕೇ ಕತ್ತಲು.
ಐಲ್ಸಾ ಮೆಕ್‌ರೇಯ ಮೇಜಿನ ಮೇಲೆ
ಕಾನೂನು ವಿಭಾಗದ ಹಟಮಾರಿ ಅಲ್ಪವಿರಾಮ,
ವೈದ್ಯಕೀಯದವರ ಮೂರು ಬಗೆಯ ತಾರೀಖು,
ಒಬ್ಬ ಡೀನ್ ಬಿಡಲೊಲ್ಲದ ಉದ್ಗಾರ ಚಿಹ್ನೆ.

ಒಂದು ವಿಶ್ವವಿದ್ಯಾಲಯ, ಒಂದೇ ದನಿ:
ಕೈಪಿಡಿಯಲ್ಲಿ ಹೀಗೆ ಬರೆದವಳು ಅವಳೇ.
ಹನ್ನೊಂದು ವರ್ಷದಿಂದ ಕಳೆ ಕೀಳುತ್ತಿದ್ದಾಳೆ.

ಮಾವೊರಿ ಪದಕ್ಕೆ ದೀರ್ಘದ ಗೆರೆ ತಪ್ಪಬಾರದು.
ಗೆರೆ ಇಲ್ಲದಿದ್ದರೆ ಕೇಕು, ಇದ್ದರೆ ಕಂಕುಳು;
ಒಮ್ಮೆ ಕರೆಯೋಲೆಯಲ್ಲಿ
ಚಹಾದ ಜೊತೆ ಕಂಕುಳು ಬಡಿಸಿಬಿಟ್ಟಿದ್ದರು.
ಅಂದಿನಿಂದ ತಿದ್ದುವುದು ಯಂತ್ರ,
ರಾತ್ರೋರಾತ್ರಿ, ಎಲ್ಲ ಪತ್ರಗಳನ್ನೂ.

ಇಂದು ದಕ್ಷಿಣ ತುದಿಯ ಬ್ಲಫ್‌ನಿಂದ ಲಕೋಟೆ, ನೀಲಿ ಶಾಯಿ:
‘ಮೊಮ್ಮಗಳ ಪದವಿಯ ಪತ್ರ ತಲುಪಿತು, ಸಂತೋಷ.
ಆದರೆ ಅವಳು ಮಾರಮ ಅಲ್ಲ, ಮರಮ.
ಮಾರಮ ಅಂದರೆ ತಿಳಿಬೆಳಕು, ಒಳ್ಳೆಯ ಮಾತೇ.
ಅವಳು ಹುಟ್ಟಿದ ರಾತ್ರಿ ಸಿಂಪಿದೋಣಿಗಳ ಮೇಲೆ
ಇದ್ದದ್ದು ಚಂದ್ರ. ಮರಮ. ಗಿಡ್ಡಕ್ಕೆ ಅನ್ನಿ.
ಇಂತಿ, ರಿಪೆಕಾ ತೌರಾ.’

ಖಾಲಿ ಕಚೇರಿಯಲ್ಲಿ ಐಲ್ಸಾ
ಎರಡನ್ನೂ ಗಟ್ಟಿಯಾಗಿ ಅಂದು ನೋಡಿದಳು.
ಒಂದೇ ಮಾತ್ರೆಯ ಅಂತರ,
ಅಷ್ಟರಲ್ಲಿ ಚಂದ್ರ ಹೋಗಿ ಟ್ಯೂಬ್‌ಲೈಟು ಬಂದಿತ್ತು.

ಪುಟ ಮೂವತ್ತೊಂದು ತೆರೆದಿದೆ. ಕರ್ಸರ್ ಮಿಣುಕುತ್ತಿದೆ.
ನಿಯಮ ಅಂತ ಏನು ಬರೆಯುವುದು?
ಮೊದಲು ಬ್ಲಫ್‌ಗೆ ಒಂದು ಫೋನು.